ನಮ್ಮ ಮನೆಯ ಏಳನೆಯ ತರಗತಿ

ನಮ್ಮ ಊರಿನಲ್ಲಿ ಏಳನೆಯ ತರಗತಿಯ ಪರೀಕ್ಷೆ ಬರೆಯುವವರು ಯಾರೆಂದು ಆ ದಿನ ಬೆಳಿಗ್ಗೆಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ವರ್ಷವೆಲ್ಲ ಶಾಲೆಗೆ ಹೋಗುವುದು ಮಗು. ಪರೀಕ್ಷೆ ಮಾತ್ರ ಇಡೀ ಮನೆಗೆ. ಮನೆಯಲ್ಲಿ ಊಟ ಮಾಡುವ ಎಲ್ಲರ ಹೆಸರನ್ನೂ ಮಗು ತನ್ನ ಕೈಯಿಂದಲೇ ಚೀಟಿಗಳಲ್ಲಿ ಬರೆದು, ಸುರುಳಿ ಸುತ್ತಿ, ತಂಬಿಗೆಯಲ್ಲಿ ಹಾಕಿಕೊಂಡು ಬರಬೇಕು. ಮಗುವಿನ ಹೆಸರೂ ಅದರಲ್ಲಿ ಇರುತ್ತದೆ. ಶಾಲೆಯ ಅಂಗಳದಲ್ಲಿ ಪಾಠ ಹೇಳುವ ಅಕ್ಕೋರು ಒಂದೊಂದೇ ತಂಬಿಗೆಗೆ ಕೈ ಹಾಕಿ ಒಂದು ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರು ಒಳಗೆ ಹೋಗಿ ಕೂತು ಬರೆಯಬೇಕು. ಅವರು ಪಾಸಾದರೆ ಮಗು ಎಂಟನೆಯ ತರಗತಿಗೆ ಹೋಗುತ್ತದೆ. ಇಲ್ಲದಿದ್ದರೆ ಮಗುವಿಗೆ ಇನ್ನೊಂದು ವರ್ಷ ಅದೇ ಬೆಂಚು.

ಪರೀಕ್ಷೆಗೆ ಇರುವುದು ಎರಡೇ ಪಾಠ. ಇಂಗ್ಲಿಷರು ಕಡಲು ದಾಟಿ ಅಮೆರಿಕದ ದಂಡೆಯಲ್ಲಿ ಮೊದಲು ಮನೆ ಕಟ್ಟಿಕೊಂಡಾಗ ಹೇಗೆ ಬದುಕಿದರು ಎಂಬುದು ಒಂದು. ಜೀವಕೋಶದೊಳಗೆ ಏನೇನಿದೆ, ಯಾವುದನ್ನು ಹೇಗೆ ಗುರುತು ಹಿಡಿಯಬೇಕು ಎಂಬುದು ಇನ್ನೊಂದು. ಈ ಎರಡು ಪಾಠ ನನ್ನ ಅಜ್ಜಿಯ ಕಾಲದಲ್ಲೂ ಇದ್ದವು. ಹಾಗಾಗಿ ಊರಿನ ಮಾತಿನಲ್ಲೆಲ್ಲ ಅವೇ ಸೇರಿಕೊಂಡಿವೆ. ಹೊಟ್ಟೆ ಬಂದವನನ್ನು ನಾವು, ಕೋಶದೊಳಗಿನ ನೀರು ತುಂಬಿದ ಚೀಲದ ಹೆಸರಿನಿಂದ, ರಸದಾನಿ ಎನ್ನುತ್ತೇವೆ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರು ಕೋಶಕೇಂದ್ರ. ಬಸ್ಸು ತುಂಬಿದ್ದರೆ ಕಂಡಕ್ಟರು, "ಹಡಗ ತುಂಬೇತಿ, ಮುಂದಿನ ವರ್ಷ ಬರ್ರಿ" ಎನ್ನುತ್ತಾನೆ. ಹೆಣ್ಣು ನೋಡಲು ಬಂದವರು ಹಾಡು ಹೇಳು ಎಂದು ಕೇಳುವುದಿಲ್ಲ, ಒಂದು ಕೋಶ ಬಿಡಿಸಿ ಹೆಸರು ಬರಿ ಎನ್ನುತ್ತಾರೆ. ಪಾಠ ಅವೇ ಆದರೂ ಪ್ರಶ್ನೆಗಳು ಪ್ರತಿ ವರ್ಷ ಬೇರೆ. ಅಕ್ಕೋರು ಏನು, ಎಲ್ಲಿ ಎಂದು ಕೇಳುವುದು ಕಡಿಮೆ. ಯಾಕೆ ಎಂದು ಕೇಳುವುದೇ ಹೆಚ್ಚು. ಅಲ್ಲಿಯೇ ಎಲ್ಲರೂ ಸಿಕ್ಕಿಬೀಳುತ್ತಾರೆ.

ನನ್ನ ಹೆಸರು ಗದಿಗೆಪ್ಪ. ಸಂತೆ ಬಯಲಿನ ಮೂಲೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಪರೀಕ್ಷೆ ಹತ್ತಿರ ಬಂದಾಗ ಅದು ಅರ್ಧ ಶಾಲೆಯಾಗುತ್ತದೆ. ಜೋಳದ ಬುಟ್ಟಿ ಇಟ್ಟು ಸರದಿಗೆ ಕಾಯುವ ಹೆಂಗಸರು ಗಿರಣಿಯ ಸದ್ದಿನ ಮೇಲೆ ಗಂಟಲೆತ್ತಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಾರೆ. ಮೈಟೊಕಾಂಡ್ರಿಯದ ಕೆಲಸ ಏನು ಎಂದು ಒಬ್ಬಳು ಕೂಗಿದರೆ, ಕೋಶಕ್ಕೆ ಶಕ್ತಿ ಕೊಡುವುದು ಎಂದು ಇನ್ನೊಬ್ಬಳು ಕೂಗುತ್ತಾಳೆ. ಗಿರಣಿಯ ಪೆಟ್ಟಿಗೆಯ ಮೇಲೆ ಕೂತ ಹಿಟ್ಟಿನ ಧೂಳಿನಲ್ಲಿ ಬೆರಳಿನಿಂದ ಕೋಶದ ಚಿತ್ರ ಬಿಡಿಸುತ್ತಾರೆ. ನಾನು ಒರೆಸುವುದಿಲ್ಲ. ಸಂಜೆಯ ಹೊತ್ತಿಗೆ ಅದರ ಮೇಲೆ ಮತ್ತೆ ಹಿಟ್ಟು ಕೂತಿರುತ್ತದೆ.

ನಾನು ಆ ಗಿರಣಿಗೆ ಕೆಲಸಕ್ಕೆ ಸೇರಿದ್ದು ಹದಿಮೂರನೆಯ ವಯಸ್ಸಿನಲ್ಲಿ. ಅದಕ್ಕೆ ಕಾರಣ ನನ್ನ ಅಪ್ಪ ಬಾಳಪ್ಪ. ನಾನು ಏಳನೆಯ ತರಗತಿಗೆ ಬರುವ ಹೊತ್ತಿಗೆ ಅಕ್ಕ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು, ನಮ್ಮ ಮನೆಯಲ್ಲಿ ಮೂರು ಚೀಟಿ: ನಾನು, ಅವ್ವ, ಅಪ್ಪ. ಅವ್ವ ಈ ಊರಿನವಳೇ, ಎರಡೂ ಪಾಠ ಅವಳಿಗೆ ಬಾಯಲ್ಲಿದ್ದವು. ಅಪ್ಪ ಬೇರೆ ಊರಿನಿಂದ ಬಂದು ಕಾಳಿನ ದಲಾಲರ ಅಡತಿ ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದವನು. ಅಕ್ಷರ ಕಲಿತದ್ದೇ ಅವ್ವನಿಂದ. ಆ ಬೆಳಿಗ್ಗೆ ಅಪ್ಪನ ಚೀಟಿ ಬಂತು. ನೂರಕ್ಕೆ ಎಂಟು ಅಂಕ ಬಂದವು. ಕ್ಲಾಸಿನಲ್ಲಿ ಮೊದಲನೆಯವನಾಗಿದ್ದ ನಾನು ಮರುವರ್ಷ ಮತ್ತೆ ಅದೇ ಬೆಂಚಿನಲ್ಲಿ ಕೂರಬೇಕಾಯಿತು. ನಾನು ಕೂರಲಿಲ್ಲ. ಶಾಲೆ ಶುರುವಾಗುವ ದಿನ ಚೀಲ ಮನೆಯಲ್ಲೇ ಬಿಟ್ಟು ಗಿರಣಿಗೆ ಹೋದೆ. ಅವ್ವ ಅತ್ತಳು. ಅಪ್ಪ ಬಾಗಿಲಲ್ಲಿ ನಿಂತಿದ್ದ, ಏನೂ ಹೇಳಲಿಲ್ಲ. ನಾನೂ ಅವನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತೇನೋ. ಆಮೇಲೆ ಮೂವತ್ತೊಂದು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ, ಉಂಡೆಯಾ, ಮಲಗಿದೆಯಾ, ಬಸ್ಸು ಬಂತಾ ಎಂಬಷ್ಟೇ ಮಾತಿನಲ್ಲಿ ಬದುಕಿದೆವು. ನಡುವೆ ಅವ್ವ ತೀರಿಕೊಂಡಳು. ನನ್ನ ಮದುವೆಯಾಯಿತು. ಗಿರಣಿ ನನ್ನದಾಯಿತು. ಮಗಳು ಸುವರ್ಣಾ ಹುಟ್ಟಿದಳು.

ಹೋದ ವರ್ಷದ ಹಿಂದಿನ ವರ್ಷ ಸುವರ್ಣಾ ಏಳನೆಯ ತರಗತಿಗೆ ಬಂದಳು. ಈಗ ನಮ್ಮ ಮನೆಯಲ್ಲಿ ನಾಲ್ಕು ಚೀಟಿ. ಸುವರ್ಣಾ ಜಾಣೆ. ನನ್ನ ಹೆಂಡತಿ ಪಾರವ್ವ ತನ್ನ ತಮ್ಮನ ಪಾಲಿಗೆ ಪರೀಕ್ಷೆ ಬರೆದು ಎಪ್ಪತ್ತೆರಡು ತೆಗೆದವಳು. ನಾನು ಪುಸ್ತಕ ಮುಟ್ಟದೆ ಬಹಳ ವರ್ಷವಾಗಿದ್ದರೂ ಗಿರಣಿಯಲ್ಲಿ ದಿನವೂ ಕಿವಿಗೆ ಬೀಳುತ್ತಿತ್ತು. ಉಳಿದದ್ದು ಅಪ್ಪ. ಎಪ್ಪತ್ತಾರು ವರ್ಷ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ.

ಒಂದು ನಿಯಮವಿದೆ. ಪರೀಕ್ಷೆಗೆ ಮೊದಲಿನ ಒಂದು ತಿಂಗಳು ಮನೆಯಲ್ಲಿ ಯಾರು ಊಟ ಮಾಡುತ್ತಾರೋ ಅವರ ಹೆಸರು ಮಾತ್ರ ತಂಬಿಗೆಗೆ. ಅದಕ್ಕೇ ಆ ತಿಂಗಳು ನಮ್ಮ ಊರಿಗೆ ನೆಂಟರು ಬರುವುದಿಲ್ಲ. ಕೆಲವು ಮನೆಗಳಿಂದ ಮುದುಕರು ಸದ್ದಿಲ್ಲದೆ ಬೇರೆ ಊರಿಗೆ ಹೋಗುತ್ತಾರೆ. ಯಾರೂ ಅದನ್ನು ತಪ್ಪು ಎನ್ನುವುದಿಲ್ಲ, ಒಳ್ಳೆಯದು ಎಂದೂ ಅನ್ನುವುದಿಲ್ಲ. ನಾನು ಒಂದು ದಿನ ಊಟಕ್ಕೆ ಕೂತಾಗ, ತಟ್ಟೆಯನ್ನೇ ನೋಡುತ್ತ ಹೇಳಿದೆ. "ಅಪ್ಪಾ, ಅಕ್ಕನ ಊರಿಗೆ ಹೋಗಿ ಭಾಳ ದಿನಾ ಆತಲ್ಲ. ಒಂದ್ ತಿಂಗಳ ಇದ್ದು ಬಾ."

ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಹೂಂ. ಯಾವಾಗ ಹೋಗಲಿ?"

"ನಾಳಿ ಹೋದ್ರ ಚೊಲೊ."

ಪಾರವ್ವ ನನ್ನ ಕಡೆ ನೋಡಿದಳು. ಸುವರ್ಣಾ ತಟ್ಟೆ ಸರಿಸಿ ಎದ್ದು ಹೋದಳು. ಅವಳು ಆಗಲೇ ಎರಡು ತಿಂಗಳಿನಿಂದ ದಿನಾ ಶಾಲೆಯಿಂದ ಬಂದು ಕಟ್ಟೆಯ ಮೇಲೆ ಅಜ್ಜನ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಅವನು ಕೇಳುತ್ತ ಕೂತಿರುತ್ತಿದ್ದ. ಮುದುಕನಿಗೆ ಹೊತ್ತು ಹೋಗಲೆಂದು ಓದುತ್ತಾಳೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಅಪ್ಪ ಒಂದು ಧೋತರ, ಎರಡು ಅಂಗಿ ಚೀಲಕ್ಕೆ ತುಂಬಿಕೊಂಡು ನನಗಿಂತ ಮೊದಲೇ ಬಾಗಿಲಿಗೆ ಬಂದಿದ್ದ. ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಬಸ್ಸು ತಡವಾಗಿತ್ತು. ನಾವು ಕೂತ ಕಲ್ಲಿನ ಬೆಂಚಿನ ಪಕ್ಕದಲ್ಲೇ ಪೇರಲ ಹಣ್ಣು ಮಾರುವ ಹೆಂಗಸೊಬ್ಬಳು ತೊಡೆಯ ಮೇಲೆ ಪುಸ್ತಕ ಮಗುಚಿಟ್ಟು, ಕಣ್ಣು ಮುಚ್ಚಿ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅವಳ ಮೊಮ್ಮಗನೂ ಆ ವರ್ಷ ಏಳನೆಯ ತರಗತಿ.

"ಅವರ ಮನೀಗೋಳು ಹೆಂಗಿದ್ದವು ಅಂದ್ರ," ಎಂದು ಶುರು ಮಾಡಿದಳು. ಅಲ್ಲಿಗೆ ನಿಂತಳು. ಮತ್ತೆ, "ಮನೀಗೋಳು ಹೆಂಗಿದ್ದವು ಅಂದ್ರ" ಎಂದಳು. ಮುಂದೆ ಹೋಗಲಿಲ್ಲ.

ಅಪ್ಪ ಬಸ್ಸು ಬರುವ ದಾರಿಯನ್ನೇ ನೋಡುತ್ತ, ಯಾರಿಗೋ ದಾರಿ ಹೇಳುವವನ ಹಾಗೆ, ಮೆಲ್ಲಗೆ ಹೇಳಿದ. "ಕಟ್ಟಿಗೆಯ ಕಡ್ಡಿಗಳನ್ನು ಹೆಣೆದು ಅದರ ಮೇಲೆ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದರು. ಮಾಡಿಗೆ ಹುಲ್ಲು ಹೊದಿಸುತ್ತಿದ್ದರು. ಕಿಟಕಿಗೆ ಗಾಜು ಸಿಗುತ್ತಿರಲಿಲ್ಲವಾದ್ದರಿಂದ ಎಣ್ಣೆ ಸವರಿದ ಕಾಗದ ಅಂಟಿಸುತ್ತಿದ್ದರು. ಮನೆಗೆ ಇರುತ್ತಿದ್ದುದು ಸಾಮಾನ್ಯವಾಗಿ ಒಂದೇ ಕೋಣೆ. ಅಡುಗೆ, ಊಟ, ನಿದ್ದೆ ಎಲ್ಲವೂ ಅದೇ ಕೋಣೆಯ ಒಲೆಯ ಸುತ್ತ ನಡೆಯುತ್ತಿದ್ದವು."

ಪುಸ್ತಕದ ಮಾತು, ಒಂದಕ್ಷರ ಆಚೀಚೆ ಇಲ್ಲ. ಹಣ್ಣಿನವಳು ಪುಸ್ತಕ ತಿರುಗಿಸಿ ನೋಡಿ, "ಹೌದ್ರಿ ಯಜಮಾನ್ರ, ಬರೋಬ್ಬರಿ ಹೇಳಿದ್ರಿ" ಎಂದಳು. ಆಮೇಲೆ ಅವಳು ಒಂದೊಂದೇ ಕೇಳುತ್ತ ಹೋದಳು, ಅಪ್ಪ ಹೇಳುತ್ತ ಹೋದ. ಮೆಕ್ಕೆಜೋಳ ಬಿತ್ತುವಾಗ ಗುಣಿಗೆ ಮೀನು ಹಾಕಬೇಕೆಂದು ಅಲ್ಲಿನ ಮೂಲ ಜನ ಕಲಿಸಿಕೊಟ್ಟದ್ದು. ಹಿಡಿಕೆ ಇರುವ ಹಲಗೆಗೆ ಅಕ್ಷರದ ಹಾಳೆ ಅಂಟಿಸಿ ಮಕ್ಕಳಿಗೆ ಓದಿಸುತ್ತಿದ್ದುದು. ಕೋಶಪೊರೆ ಯಾವುದನ್ನು ಒಳಗೆ ಬಿಡುತ್ತದೆ, ಯಾವುದನ್ನು ಬಿಡುವುದಿಲ್ಲ ಎಂಬುದು. ನಾನು ಬೆಂಚಿನ ತುದಿಯಲ್ಲಿ ಕೂತು ಕೇಳಿದೆ. ಈ ಮನುಷ್ಯ ಎಂಟು ಅಂಕ ತೆಗೆದವನು.

"ಅಪ್ಪಾ, ಯಾವಾಗ ಕಲ್ತಿ ಇದನ್ನ?" ಎಂದು ಕೇಳಿದೆ.

"ಹಿಂದ ಎಂದೋ" ಎಂದ. ಅಷ್ಟೇ.

ಬಸ್ಸು ಬಂತು. ಅಪ್ಪ ಚೀಲ ಎತ್ತಿಕೊಂಡು ಎದ್ದ. ನಾನು ಅವನ ಕೈಯಿಂದ ಚೀಲ ತೆಗೆದುಕೊಂಡು ಸೈಕಲ್ಲಿನ ಹ್ಯಾಂಡಲಿಗೆ ಹಾಕಿದೆ. "ಬಾ, ಮನೀಗೆ ಹೋಗೂಣು" ಎಂದೆ. ಅವನು ನನ್ನನ್ನು ನೋಡಿದ, ಬಸ್ಸನ್ನು ನೋಡಿದ. ಕೊನೆಗೆ ಹಣ್ಣಿನವಳ ಹತ್ತಿರ ನಾಲ್ಕು ಪೇರಲ ತೆಗೆದುಕೊಂಡ. ಮನೆ ಮುಟ್ಟುವವರೆಗೆ ನಾವು ಮಾತಾಡಲಿಲ್ಲ. ಸುವರ್ಣಾ ಮಾತ್ರ ಅಜ್ಜನನ್ನು ಕಂಡು, "ಇಷ್ಟ ಲಗೂನ ತಿಂಗಳಾತೇನಜ್ಜಾ?" ಎಂದು ಚೀಲ ಕಿತ್ತುಕೊಂಡು ಒಳಗೆ ಓಡಿದಳು.

ಆ ತಿಂಗಳು ಚೆನ್ನಾಗಿತ್ತು. ಸುವರ್ಣಾ ಮನೆಗೆಲ್ಲ ಅಕ್ಕೋರಾಗಿಬಿಟ್ಟಳು. ಪಾರವ್ವ ಕಾಯಿಪಲ್ಯೆ ಹೆಚ್ಚುವಾಗ ಇವಳು ಈರುಳ್ಳಿಯ ತೆಳು ಪೊರೆ ಸುಲಿದು ಬೆಳಕಿಗೆ ಹಿಡಿದು, ಇದರೊಳಗೆ ಇಟ್ಟಂಗಿ ಜೋಡಿಸಿದ ಹಾಗೆ ಕೋಶಗಳಿವೆ ಎಂದು ತೋರಿಸುತ್ತಿದ್ದಳು. ನಮಗೆ ಯಾರಿಗೂ ಏನೂ ಕಾಣಿಸುತ್ತಿರಲಿಲ್ಲ. ಅಪ್ಪ ಮಾತ್ರ ದಾರ ಕಟ್ಟಿದ ಕನ್ನಡಕ ಏರಿಸಿ, "ಹೌದವ್ವಾ, ಅದಾವ" ಎನ್ನುತ್ತಿದ್ದ. ನಾನು ಗಿರಣಿಯಲ್ಲಿ ನಿಂತು ಬಾಯಿಪಾಠ ಮಾಡಿದೆ. ಬೆಲ್ಟು ತಿರುಗುತ್ತಿದ್ದ ಹಾಗೆ ಒಂದೊಂದೇ ಹೆಸರು ನಾಲಿಗೆಗೆ ಬರುತ್ತಿತ್ತು. ಮೂವತ್ತು ವರ್ಷ ಮುಚ್ಚಿಟ್ಟ ಪುಸ್ತಕ ಇಷ್ಟು ಸುಲಭವಾಗಿ ತೆರೆದುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ಅಂಗಳದಲ್ಲಿ ಜನ ತುಂಬಿದ್ದರು. ಆ ದಿನ ನಮ್ಮ ಊರಿನಲ್ಲಿ ಅಂಗಡಿ ತೆರೆಯುವುದಿಲ್ಲ. ಹೊಸದಾಗಿ ಬಂದ ಸೊಸೆಯಂದಿರು, ಕೋಲು ಊರಿದ ಅಜ್ಜಿಯರು, ಪೊಲೀಸು, ಕ್ಷೌರದವನು, ಎಲ್ಲರೂ ಹೊಸ ಪೆನ್ನು ಹಿಡಿದು ನಿಂತಿದ್ದರು. ಜುಬೇದಾ ಅಕ್ಕೋರು ಒಂದೊಂದೇ ಮನೆಯನ್ನು ಕರೆದರು. ನಮ್ಮ ಸರದಿ ಬಂದಾಗ ಸುವರ್ಣಾ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಹೋದಳು. ಅಕ್ಕೋರು ಚೀಟಿ ಬಿಚ್ಚಿ ಓದಿದರು. "ಗದಿಗೆಪ್ಪ."

ಸುವರ್ಣಾ ತಿರುಗಿ ನನ್ನ ಮುಖ ನೋಡಿ ನಕ್ಕಳು. ನನಗೂ ಧೈರ್ಯವೇ ಇತ್ತು. ನಾನು ಕ್ಲಾಸಿಗೇ ಮೊದಲನೆಯವನಾಗಿದ್ದವನು.

ಒಳಗೆ ಹೋಗಿ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತೆ. ಪ್ರಶ್ನೆಪತ್ರಿಕೆ ಕೊಟ್ಟರು, ಬಾಗಿಲು ಹಾಕಿದರು. ಎಲ್ಲ ಸದ್ದೂ ಅಡಗಿತು. ಅಂಥ ಮೌನವನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ದಿನವಿಡೀ ಗಿರಣಿಯ ಸದ್ದು, ಮನೆಗೆ ಬಂದ ಮೇಲೂ ಕಿವಿಯಲ್ಲಿ ಅದೇ ಸದ್ದು. ಇಲ್ಲಿ ಪೆನ್ನು ಕಾಗದದ ಮೇಲೆ ಸರಿಯುವುದು ಕೇಳಿಸುತ್ತಿತ್ತು. ಮೊದಲ ಪ್ರಶ್ನೆ ಒಂದು ಚಿತ್ರ. ಕೋಶವೊಂದನ್ನು ಬಿಡಿಸಿ ಆರು ಗೆರೆ ಎಳೆದಿದ್ದರು, ಆರರ ಹೆಸರೂ ಕೆಲಸವೂ ಬರೆಯಬೇಕು. ನಡುವೆ ಇದ್ದದ್ದು ಕೋಶಕೇಂದ್ರ, ಅದನ್ನು ಬರೆದೆ. ಎರಡನೆಯ ಗೆರೆಗೆ ಬಂದೆ. ಅದು ಏನೆಂದು ನನಗೆ ಗೊತ್ತಿತ್ತು, ನಿನ್ನೆಯಷ್ಟೇ ಹಿಟ್ಟಿನ ಧೂಳಿನಲ್ಲಿ ಬಿಡಿಸಿದ್ದೆ. ಹೆಸರು ಬರಲಿಲ್ಲ. ಮೂರನೆಯದಕ್ಕೆ ಹೋದೆ, ಅದೂ ಬರಲಿಲ್ಲ. ಗಿರಣಿ ತಿರುಗಿದರೆ ಬರುತ್ತದೆ ಅನಿಸಿತು. ಬಾಯಿ ಮುಚ್ಚಿಕೊಂಡು ಗಂಟಲಿನೊಳಗೆ ಸಣ್ಣಗೆ ಗರ್ ಎಂದು ಸದ್ದು ಮಾಡಿದೆ. ನಿಜವಾಗಿಯೂ ಬಂತು: ರಸದಾನಿ. ಬರೆದೆ. ಇನ್ನೊಂದಿಷ್ಟು ಗಟ್ಟಿಯಾಗಿ ಸದ್ದು ಮಾಡಿದೆ. ಮುಂದೆ ಕೂತ ಹೆಂಗಸು ತಿರುಗಿ ನೋಡಿದಳು. ಅಕ್ಕೋರು ಕನ್ನಡಕದ ಮೇಲಿಂದ ನೋಡಿ, "ಗದಿಗೆಪ್ಪಾ, ಗಿರಣಿ ಬಂದ್ ಮಾಡು" ಎಂದರು. ಎಲ್ಲರೂ ನಕ್ಕರು. ನಾನು ನಿಲ್ಲಿಸಿದೆ.

ಆಮೇಲೆ ಏನಾಯಿತೆಂದು ಹೇಳುವುದಕ್ಕೆ ಹೆಚ್ಚಿಲ್ಲ. ಮೂರು ಗಂಟೆ ಕೂತೆ. ಕಿಟಕಿಯಾಚೆ ಬೇವಿನ ಮರದ ಕೆಳಗೆ ಸುವರ್ಣಾ, ಪಾರವ್ವ, ಅಪ್ಪ ಸಾಲಾಗಿ ಕೂತಿದ್ದರು. ಸುವರ್ಣಾಳ ಬಾಯಿ ಅಲ್ಲಾಡುತ್ತಿತ್ತು, ತನಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದಳು. ಅದನ್ನು ನೋಡಿದಷ್ಟೂ ನನ್ನ ತಲೆಯಲ್ಲಿ ಉಳಿದದ್ದೂ ಹೋಯಿತು. ನಾಲ್ಕನೆಯ ದಿನ ಅಂಗಳದಲ್ಲಿ ಅಂಕ ಓದಿದರು. ಪಾಸಾಗಲು ಮೂವತ್ತೈದು ಬೇಕು. ನನಗೆ ಇಪ್ಪತ್ತೊಂಬತ್ತು.

ಸುವರ್ಣಾ ಅಲ್ಲಿ ಅಳಲಿಲ್ಲ. ಮನೆಗೆ ಬಂದು, ಚೀಲ ಗೂಟಕ್ಕೆ ಹಾಕಿ, ನನ್ನ ಎದುರು ನಿಂತು ಹೇಳಿದಳು. "ನನ್ನ ಹೆಸರು ಬಂದಿದ್ರ ನಾ ತೊಂಬತ್ತು ತಗೋತಿದ್ದೆ. ಅಜ್ಜನ ಹೆಸರು ಬಂದಿದ್ರೂ ಪಾಸ್ ಆಗ್ತಿದ್ದೆ. ನೀ ಏನ್ ಮಾಡಿದಿಪ್ಪಾ." ಆಮೇಲೆ ಅತ್ತಳು. ಪಾರವ್ವ ಹಿಂದಿನಿಂದ ಮೆಲ್ಲಗೆ, "ಅನ್ನಲಿ ಬಿಡ್ರಿ. ಅಂದ್ರ ಹಗುರ ಆಗ್ತಾಳ" ಎಂದಳು. ಎರಡು ದಿನ ಮಗಳು ನನ್ನ ಜೊತೆ ಮಾತಾಡಲಿಲ್ಲ. ಆ ಎರಡು ದಿನ ನನಗೆ ಎಷ್ಟು ಉದ್ದವಾದವೆಂದರೆ, ಮೂವತ್ತೊಂದು ವರ್ಷವನ್ನು ಅಪ್ಪ ಹೇಗೆ ಕಳೆದನೆಂದು ಮೊದಲ ಸಲ ಯೋಚಿಸಿದೆ.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ಗಿರಾಕಿಗಳು ಬುಟ್ಟಿ ಬಿಟ್ಟು ಮನೆಗೆ ಹೋಗಿದ್ದರು. ಸುವರ್ಣಾ ಬುತ್ತಿ ತಂದಳು. ಅವಳ ಜೊತೆ ಅಪ್ಪನೂ ಬಂದಿದ್ದ. ಅವನು ಗಿರಣಿಗೆ ಬರುವುದೇ ಅಪರೂಪ. ಬಂದರೂ ಹೊರಗಿನ ಕಲ್ಲಿನ ಮೇಲೆ ಕೂರುತ್ತಿದ್ದ. ಆ ದಿನ ಬಿಸಿಲು ಜೋರಾಗಿತ್ತು, ಒಳಗೆ ಬಂದು ಗೋಧಿ ಚೀಲದ ಮೇಲೆ ಕೂತ. ನಾನು ಬುತ್ತಿ ಬಿಚ್ಚಿದೆ. ಸುವರ್ಣಾ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಅಪ್ಪಾ, ಒಳಗ ಏನಾತು?" ಎಂದು ಕೇಳಿದಳು.

ಎಲ್ಲ ಹೇಳಿದೆ. ಮೌನ, ಆರು ಗೆರೆ, ಗಂಟಲಿನ ಸದ್ದು, ಅಕ್ಕೋರ ಮಾತು. ಗಿರಣಿ ಬಂದ್ ಮಾಡು ಎಂದಲ್ಲಿಗೆ ಅವಳು ನಕ್ಕುಬಿಟ್ಟಳು. ನಗು ತಡೆಯಲು ಹೋಗಿ ಮತ್ತೂ ನಕ್ಕಳು. ನನಗೂ ನಗು ಬಂತು. ಅಪ್ಪ ನಗಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ಸುವರ್ಣಾ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು. "ಅಜ್ಜಾ, ನಿನಗ ಒಳಗ ಏನಾಗಿತ್ತು?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಷ್ಟು ವರ್ಷ ನಾನು ಕೇಳದೇ ಇದ್ದ ಪ್ರಶ್ನೆ ಅದು. ಕೇಳಬಹುದು ಎಂದೇ ನನಗೆ ಹೊಳೆದಿರಲಿಲ್ಲ.

ಅಪ್ಪ ಧೋತರದ ಅಂಚಿನಿಂದ ಕನ್ನಡಕ ಒರೆಸಿದ. "ಮಸಿ ಬಿತ್ತವ್ವಾ" ಎಂದ. "ಹಾಳಿ ಭಾಳ ಬೆಳ್ಳಗಿತ್ತು. ಅಷ್ಟ ಚಂದದ ಹಾಳಿ ನಾ ಕೈಯಾಗ ಹಿಡಿದಿರಲಿಲ್ಲ. ನಿನ್ನ ಅಜ್ಜಿ ಪಾಟಿ ಮ್ಯಾಲೆ ಕಲಿಸಿದ್ಲು, ಪೆನ್ನಾ ಹೊಸಾದು. ಹೆಸರು ಬರ್ಯಾಕ ಹೋದೆ, ದಪ್ಪಂತ ಒಂದು ಹನಿ ಬಿತ್ತು. ನಿಮ್ಮಪ್ಪನ ಹಾಳಿ ಅದು. ಹೊಲಸು ಮಾಡಿ ಕೊಡೂದು ಹೆಂಗ. ಬ್ಯಾರೆ ಹಾಳಿ ಕೊಡ್ರಿ ಅಂದೆ, ಮಾಸ್ತರು ಕೊಡೂದಿಲ್ಲ ಅಂದ್ರು. ಉಗುರಿಲೆ ಕೆರದೆ. ಹರೀತು. ಹರಿದದ್ದಕ್ಕ ಅಂಗಿ ಅಂಚು ಹಚ್ಚಿ ತಿಕ್ಕಿದೆ, ಮತ್ತೂ ಹಬ್ಬಿತು. ಅದನ್ನ ಸ್ವಚ್ಛ ಮಾಡೂದ್ರಾಗ ಗಂಟಿ ಹೊಡೀತು. ಕಡೀಕ ಎರಡು ಸಾಲು ಬರದೆ. ಅದಕ್ಕ ಎಂಟು ಕೊಟ್ರು. ಪುಣ್ಯಾತ್ಮರು."

ಹೊರಗೆ ಯಾರೋ ಎತ್ತಿನ ಗಾಡಿ ಹೊಡೆದುಕೊಂಡು ಹೋದರು. ನಾನು ತುತ್ತು ತಟ್ಟೆಗಿಟ್ಟೆ. "ಮತ್ತ ಆ ಪಾಠೆಲ್ಲ ಯಾವಾಗ ಕಲ್ತಿ?" ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದ್ದು.

"ನಾ ಫೇಲ್ ಆದ ಮುಂದಿನ ವರ್ಷ" ಎಂದ ಅಪ್ಪ. "ನೀ ಮತ್ತ ಸಾಲಿಗೆ ಹೋಗ್ತಿ, ಮತ್ತ ತಂಬಿಗ್ಯಾಗ ಚೀಟಿ ಹಾಕ್ತಿ, ನನ್ನ ಹೆಸರ ಬಂದ್ರ ಈ ಸಲ ಬಿಡಬಾರದು ಅಂತ. ಅಡತಿ ಅಂಗಡ್ಯಾಗ ಮಧ್ಯಾಹ್ನ ಊಟದ ಹೊತ್ತಿನ್ಯಾಗ ಓದತಿದ್ದೆ. ಹಳೇ ಹಾಳಿ ಮ್ಯಾಲೆ ಪೆನ್ನಾ ಹಿಡದು ರೂಢಿ ಮಾಡ್ಕೊಂಡೆ. ಮೂಟಿ ಹೊತ್ತಾಗ ಬಾಯಾಗ ಅನ್ಕೊಂತ ನಡೀತಿದ್ದೆ. ಎಲ್ಲಾ ಬಂತು."

"ನಾ ಹೋಗಲೇ ಇಲ್ಲಲ್ಲಪ್ಪಾ."

"ಇಲ್ಲ. ಅದರ ಮುಂದಿನ ವರ್ಷ ಹೋಗಬಹುದು ಅಂತ ಮತ್ತೊಂದು ವರ್ಷ ಓದಿದೆ." ಕನ್ನಡಕ ಕಿವಿಗೆ ಸಿಕ್ಕಿಸಿಕೊಂಡು, "ಆಮ್ಯಾಲೆ ಮರೀಬಾರದು ಅಂತ ಆಗಾಗ ಅನ್ಕೊಂತಿದ್ದೆ, ಅಷ್ಟ" ಎಂದ.

"ನನಗ ಹೇಳಬೇಕಿತ್ತು."

"ಹೆಂಗ ಹೇಳಲಿ. ನೀ ಗಿರಣಿ ಅಂಗಿ ಹಾಕ್ಕೊಂಡು ಹೊಂಟಿದ್ದಿ."

ನಾನು ಎದ್ದು ಗಿರಣಿಯ ಹಿಂದೆ ಹೋಗಿ ಬೆಲ್ಟು ಸರಿಪಡಿಸುವವನ ಹಾಗೆ ನಿಂತೆ. ಬೆಲ್ಟಿಗೆ ಏನೂ ಆಗಿರಲಿಲ್ಲ. ಆ ವರ್ಷ ಚೀಲ ತೆಗೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವುದಕ್ಕೂ ನನಗೆ ಧೈರ್ಯ ಬರಲಿಲ್ಲ. ಸುವರ್ಣಾ ಅಜ್ಜನ ಅಂಗಿಯ ತೋಳಿಗೆ ಮೆತ್ತಿದ್ದ ಹಿಟ್ಟು ಕೊಡವುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನಾನು ಅಲ್ಲಿಂದಲೇ, "ಅಪ್ಪಾ, ಉಂಡ್ ಹೋಗು. ಇಬ್ಬರಿಗಾಗೂವಷ್ಟು ಐತಿ" ಎಂದೆ. ಅವನು ಬಂದು ಕೂತ. ಒಂದೇ ಬುತ್ತಿಯಲ್ಲಿ ಇಬ್ಬರೂ ಉಂಡೆವು. ರೊಟ್ಟಿ ಗಟ್ಟಿಯಾಗಿದೆ ಎಂದು ಅವನು ಚಟ್ನಿಯ ಎಣ್ಣೆಯಲ್ಲಿ ಅದ್ದಿ ತಿಂದ.

ಶಾಲೆ ಶುರುವಾದ ದಿನ ಬೆಳಿಗ್ಗೆ ನಾನು ಗಿರಣಿಗೆ ಹೋಗದೆ ಕಾದೆ. ಸುವರ್ಣಾ ತಲೆ ಬಾಚಿಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಅವಳ ಗೆಳತಿಯರೆಲ್ಲ ಎಂಟನೆಯ ತರಗತಿಯ ಬಾಗಿಲಿಗೆ ಹೋಗುವವರು. "ಯಾರರ ಏನರ ಅಂದ್ರ?" ಎಂದು ಪಾರವ್ವ ಕೇಳಿದಳು. "ಅಪ್ಪ ಫೇಲ್ ಆದ ಅಂತೀನಿ" ಎಂದು ಸುವರ್ಣಾ ಚಪ್ಪಲಿ ಮೆಟ್ಟಿಕೊಂಡಳು. ನಾನು, ಅಪ್ಪ ಇಬ್ಬರೂ ಅವಳನ್ನು ಶಾಲೆಯವರೆಗೆ ಬಿಟ್ಟು ಬಂದೆವು. ದಾರಿಯಲ್ಲಿ ಅವಳೇ ಮಾತಾಡುತ್ತಿದ್ದಳು.

ಆ ವರ್ಷ ನಾನು ಗಿರಣಿಯಲ್ಲಿ ಓದಲಿಲ್ಲ. ದಿನಾ ಮಧ್ಯಾಹ್ನ ಒಂದು ಗಂಟೆ ಗಿರಣಿ ನಿಲ್ಲಿಸಿ ಮನೆಗೆ ಬಂದು, ಕಟ್ಟೆಯ ಮೇಲೆ ಅಪ್ಪನ ಎದುರು ಕೂತು, ಸದ್ದಿಲ್ಲದ ಕಡೆ ನೆನಪಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಅಪ್ಪ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ತಪ್ಪಿದರೆ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದ. ಗಿರಾಕಿಗಳು ಬೈದರು, ಆಮೇಲೆ ಆ ಹೊತ್ತಿಗೆ ಬರುವುದನ್ನು ಬಿಟ್ಟರು.

ಮತ್ತೆ ಪರೀಕ್ಷೆಯ ದಿನ ಬಂತು. ಅಪ್ಪ ಹೊಸ ಅಂಗಿ ತೊಟ್ಟು, ಕನ್ನಡಕಕ್ಕೆ ಹೊಸ ಕಡ್ಡಿ ಹಾಕಿಸಿಕೊಂಡು ಬಂದಿದ್ದ. ತನ್ನ ಹೆಸರೇ ಬರುತ್ತದೆಂದು ಅವನಿಗೆ ಗಟ್ಟಿಯಾಗಿ ಅನಿಸಿತ್ತು. ಅಕ್ಕೋರು ನಮ್ಮ ತಂಬಿಗೆಯಿಂದ ಚೀಟಿ ಎತ್ತಿ ಓದಿದರು. "ಸುವರ್ಣಾ." ಅವಳು ಒಂದು ಸಲ ಕುಣಿದು ಒಳಗೆ ಹೋದಳು. ಪಾರವ್ವನ ಮುಖ ಅರಳಿತು. ನನಗೂ ಉಸಿರು ಬಂತು. ಅಪ್ಪನ ಕಡೆ ನೋಡಿದರೆ, ಜೇಬಿನಲ್ಲಿದ್ದ ಪೆನ್ನನ್ನು ಬೆರಳಿನಿಂದ ಒತ್ತಿಕೊಂಡು ನಿಂತಿದ್ದ. ಸಂತೋಷವಾಗಿತ್ತು ಅವನಿಗೆ, ಆದರೆ ಮುಖ ಸ್ವಲ್ಪ ಸಣ್ಣದಾಗಿತ್ತು.

ಅಕ್ಕೋರು ಬಾಗಿಲು ಹಾಕುವ ಮೊದಲು ಅಪ್ಪ ಮೆಟ್ಟಿಲಿನ ಹತ್ತಿರ ಹೋದ. "ಅಕ್ಕೋರ, ನನಗೂ ಒಂದು ಪೇಪರ್ ಕೊಡ್ರಿ. ನೀವು ತಿದ್ದೂದು ಬ್ಯಾಡ. ಸುಮ್ಮನ ಬರೀತೀನಿ." ಜುಬೇದಾ ಅಕ್ಕೋರು ಅವನನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಪ್ರಶ್ನೆಪತ್ರಿಕೆಯನ್ನೂ ನಾಲ್ಕು ಬಿಳಿ ಹಾಳೆಯನ್ನೂ ತಂದು ಕೊಟ್ಟರು. "ಬೇಕಾದ್ರ ಇನ್ನೂ ಕೇಳ್ರಿ ಕಾಕಾ" ಎಂದರು. ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯಲು ಕೂತ. ಮೂರು ಗಂಟೆ ತಲೆ ಎತ್ತಲಿಲ್ಲ. ಪಾರವ್ವ ನೀರು ತಂದಿಟ್ಟದ್ದೂ ಅವನಿಗೆ ಗೊತ್ತಾಗಲಿಲ್ಲ. ಗಂಟೆ ಹೊಡೆದಾಗ ಹಾಳೆಗಳನ್ನು ಜೋಡಿಸಿ, ನನ್ನ ಹತ್ತಿರ ಬಂದು, ಎರಡೂ ಕೈಯಿಂದ ನನಗೆ ಕೊಟ್ಟ. "ನೀ ತಿದ್ದು" ಎಂದ.

ಬೇವಿನ ಮರದ ಕೆಳಗೇ ಕೂತು ತಿದ್ದಿದೆ. ಅಕ್ಷರಗಳು ದುಂಡಗೆ, ದೊಡ್ಡವಾಗಿದ್ದವು. ಕೋಶದ ಚಿತ್ರದಲ್ಲಿ ಆರೂ ಹೆಸರು ಸರಿ. ಇಂಗ್ಲಿಷರ ಪಾಠದಲ್ಲಿ ಒಂದು ಪ್ರಶ್ನೆ ಇತ್ತು: ಮೊದಲ ಚಳಿಗಾಲಗಳಲ್ಲಿ ಅಷ್ಟು ಜನ ಹಸಿವಿನಿಂದ ಸತ್ತದ್ದು ಯಾಕೆ? ಬಂಗಾರ ಹುಡುಕುತ್ತ ಬಿತ್ತನೆ ಮಾಡಲಿಲ್ಲ, ಕುಡಿಯುವ ನೀರು ಕೆಟ್ಟದಿತ್ತು, ಊರಿನಿಂದ ಹಡಗು ತಡವಾಗಿ ಬಂತು, ಅಲ್ಲಿನ ಜನರ ಜೊತೆ ಜಗಳವಾಯಿತು ಎಂದು ಅಪ್ಪ ಪುಸ್ತಕದಲ್ಲಿದ್ದದ್ದನ್ನೆಲ್ಲ ಬರೆದಿದ್ದ. ಕೊನೆಗೆ ಒಂದು ಸಾಲು ತಾನೇ ಸೇರಿಸಿದ್ದ: "ಪಕ್ಕದಲ್ಲಿ ಇದ್ದವರನ್ನು ಬಾಯಿ ಬಿಟ್ಟು ಕೇಳುವುದಕ್ಕೆ ಅವರಿಗೆ ನಾಚಿಕೆಯಾಗಿರಬೇಕು." ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ಒಂದು ಅಂಕ ಕಳೆದೆ. ಒಟ್ಟು ಎಂಬತ್ತೊಂದು ಬಂತು.

ಅಪ್ಪ ಹಾಳೆ ಇಸಿದುಕೊಂಡು ನೋಡಿದ. "ಇಲ್ಲ್ಯಾಕ ಒಂದು ಕಳದಿ?"

"ಅದು ಪುಸ್ತಕದಾಗ ಇಲ್ಲಪ್ಪಾ."

"ಪುಸ್ತಕದಾಗ ಇದ್ದದ್ದೂ ಬರದೇನಿ. ಹೆಚ್ಚಿಂದು ಬರದ್ರ ಕಡಿಮಿ ಮಾಡ್ತಾರೇನು?"

"ಯಾಕ ಅಂತ ಕೇಳಿದ್ದಕ್ಕ ಅನಿಸಿದ್ದೆಲ್ಲ ಬರಿಯೂದಲ್ಲ. ಅಕ್ಕೋರೂ ಕಳೀತಿದ್ರು."

"ಅಕ್ಕೋರು ಕಳೀತಿರಲಿಲ್ಲ. ನೀ ಕಳದಿ."

ಸುವರ್ಣಾ ಹೊರಗೆ ಬಂದಳು. ಎಲ್ಲ ಚೆನ್ನಾಗಿ ಬರೆದಿರುವುದು ಅವಳ ಮುಖದಲ್ಲೇ ಕಾಣುತ್ತಿತ್ತು, ಆಮೇಲೆ ಎಂಬತ್ತೆಂಟು ಬಂತು ಕೂಡ. ಅವಳು ಒಂದೊಂದೇ ಪ್ರಶ್ನೆಯ ಉತ್ತರ ಹೇಳುತ್ತ ಪಾರವ್ವನ ಕೈ ಹಿಡಿದು ಮುಂದೆ ನಡೆದಳು. ನಾವಿಬ್ಬರೂ ಹಿಂದೆ ಬಿದ್ದೆವು, ಯಾಕೆಂದರೆ ಅಪ್ಪ ಹತ್ತು ಹೆಜ್ಜೆಗೊಮ್ಮೆ ನಿಂತು ಹಾಳೆ ತೆಗೆದು ಆ ಸಾಲನ್ನು ತೋರಿಸುತ್ತಿದ್ದ. ಸಂತೆ ಬಯಲು ದಾಟುವ ಹೊತ್ತಿಗೆ ಅವನ ದನಿ ಏರಿತ್ತು, ನನ್ನದೂ ಏರಿತ್ತು. ಅಂಗಡಿ ಕಟ್ಟೆಯ ಮೇಲೆ ಕೂತವರು ತಿರುಗಿ ನೋಡಿದರು. ಆ ಒಂದು ಅಂಕವನ್ನು ನಾನು ಕೊಡಲಿಲ್ಲ, ಅವನೂ ಬಿಡಲಿಲ್ಲ. ಮನೆಯ ಬಾಗಿಲವರೆಗೂ ನಾವು ಜಗಳವಾಡಿಕೊಂಡೇ ಹೋದೆವು.